ಮೀನೊಂದನ್ನು ಬಿಟ್ಟು

ಮೀನು ಹಿಡಿಯುವುದು ಒಂದು ವಿದ್ಯೆ ಅಂತ ಊರಲ್ಲಿದ್ದಾಗ ನಮಗೆ ಗೊತ್ತೇ ಇರಲಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದ ಮೀನು ಗದ್ದೆಗೆ ಹತ್ತುತ್ತಿತ್ತು. ಅಪ್ಪ ರಾತ್ರಿ ಗದ್ದೆಯ ಕಂಡಿಗೆ ಕೂಣಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಇಟ್ಟು ಬಂದು ಮಲಗುತ್ತಿದ್ದರು, ಬೆಳಿಗ್ಗೆ ಎತ್ತಿ ತರುತ್ತಿದ್ದರು. ನಿದ್ದೆಯಲ್ಲೇ ಆಗುವ ಕೆಲಸ. ಅಂಥವರ ಮಗನಾದ ನಾನು ಇಂಗ್ಲೆಂಡಿನ ಡರ್ಬಿಶೈರಿನಲ್ಲಿ, ವೈ ನದಿಯ ಮೊಣಕಾಲುದ್ದದ ನೀರಲ್ಲಿ ನಿಂತು, ಮೂರು ಬೇಸಿಗೆಯಿಂದ ಟ್ರೌಟ್ ಮೀನುಗಳ ಕೈಲಿ ಸೋಲುತ್ತಿದ್ದೇನೆ.

ಈ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಅಜ್ಜ. ಮೊದಲ ದಿನ ನಾನು, "ಎರೆಹುಳ ಎಲ್ಲಿ ಸಿಗುತ್ತೆ?" ಅಂತ ಕೇಳಿಬಿಟ್ಟೆ. ಮಠದ ಪಂಕ್ತಿಯಲ್ಲಿ ಕೂತು ಕೋಳಿಸಾರು ಕೇಳಿದವನನ್ನು ನೋಡುವಂತೆ ನೋಡಿದರು. ಈ ನದಿಯ ಕೆಲವು ಭಾಗಗಳಲ್ಲಿ ಡ್ರೈ ಫ್ಲೈ ಬಿಟ್ಟು ಬೇರೇನೂ ಹಾಕುವಂತಿಲ್ಲ. ಅಂದರೆ ಕೊಕ್ಕೆಗೆ ದಾರ, ಪುಕ್ಕ ಸುತ್ತಿ, ಇದೇ ಹುಳ ಅಂತ ಮೀನನ್ನು ನಂಬಿಸಬೇಕು. ಅದು ಮುಳುಗದೆ ತೇಲಬೇಕು. ಅಜ್ಜನ ಡಬ್ಬಿಯೊಳಗೆ ಒಂದು ಹುಂಜದ ಕತ್ತಿನ ಚರ್ಮ ಪುಕ್ಕದ ಸಮೇತ ಇತ್ತು. ಮೇಲೆ ಚೀಟಿ: 'ಇಂಡಿಯನ್ ಕೇಪ್'. ನಮ್ಮ ಹುಂಜವೂ ಪರದೇಶಕ್ಕೆ ಬಂದು ವೇಷ ಹಾಕುತ್ತಿದೆ ಅಂತ ಗೊತ್ತಾಗಿ ಸ್ವಲ್ಪ ಧೈರ್ಯ ಬಂತು.

ಇಲ್ಲಿ ಲೆಕ್ಕವೆಲ್ಲ ಉಲ್ಟಾ. ಕೊಕ್ಕೆಯ ನಂಬರು ಏರಿದಷ್ಟೂ ಕೊಕ್ಕೆ ಸಣ್ಣದಾಗುತ್ತದೆ. 18 ಅಂದರೆ ಅಕ್ಕಿಕಾಳು. ದಾರವೂ ಹಾಗೇ, 6 ಎಕ್ಸ್ ಅಂದರೆ ಸುಮಾರು 0.13 ಮಿಲಿಮೀಟರ್ ದಪ್ಪ. ಆ ದಾರವನ್ನು ಈ ಕೊಕ್ಕೆಯ ಕಣ್ಣಿಗೆ ಪೋಣಿಸಬೇಕಾದದ್ದು ಮುಸ್ಸಂಜೆಯಲ್ಲಿ, ಹರಿಯುವ ನೀರಲ್ಲಿ ನಿಂತು. ಚಾಳೀಸು ಹಾಕಿದರೆ ದಾರ ಕಾಣುತ್ತದೆ, ಹೊಳೆ ಮಸುಕಾಗುತ್ತದೆ. ತೆಗೆದರೆ ಹೊಳೆ ಕಾಣುತ್ತದೆ, ದಾರ ಇಲ್ಲವೇ ಇಲ್ಲ.

ಹಗಲಲ್ಲಿ ಹೋಗಬಾರದೇ ಅಂದರೆ, ಬೇಸಿಗೆಯ ನೀರು ಇಳಿದು ಗಾಜಿನಂತಾದಾಗ ಮೀನು ಹಗಲು ತಲೆ ಹಾಕುವುದು ಕಡಿಮೆ. ನಮ್ಮ ನೆರಳು ಬಿದ್ದರೂ ಸಾಕು, ಸಾಲ ಕೊಟ್ಟವನನ್ನು ಕಂಡವರ ಹಾಗೆ ಒಳಗೆ ಸೇರಿಕೊಳ್ಳುತ್ತದೆ. ಹೊತ್ತು ಇಳಿದ ಮೇಲೆ ಬ್ಲೂ ವಿಂಗ್ಡ್ ಆಲಿವ್ ಎಂಬ ಪುಟ್ಟ ಹುಳುಗಳು ಮೊಟ್ಟೆಯಿಟ್ಟು, ರೆಕ್ಕೆ ಚಾಚಿ ನೀರ ಮೇಲೆ ಸಾಯುತ್ತವೆ. ಆಗ ಮೀನಿಗೆ ಊಟದ ಹೊತ್ತು. ಅದಕ್ಕೂ ಮುಂಚೆ ಅಜ್ಜ ನೀರಿಗೆ ಥರ್ಮಾಮೀಟರ್ ಅದ್ದಿ ನೋಡುತ್ತಾರೆ. ಇಪ್ಪತ್ತು ಡಿಗ್ರಿ ಮುಟ್ಟಿದರೆ ಅಂದು ರಜೆ, ಬೆಚ್ಚಗಿನ ನೀರಲ್ಲಿ ಎಳೆದಾಡಿದರೆ ಬಿಟ್ಟ ಮೇಲೂ ಮೀನು ಉಳಿಯದಿರಬಹುದು. ಇದನ್ನು ಮನೆಯಲ್ಲಿ ಹೇಳಿದಾಗ ನನ್ನಾಕೆ, "ಮೊನ್ನೆ ನನಗೆ ಮೈ ಕಾದಾಗ ಥರ್ಮಾಮೀಟರ್ ಎಲ್ಲಿತ್ತು ರೀ?" ಅಂದಳು.

ಕಳೆದ ಆಗಸ್ಟಿನ ಒಂದು ಸಂಜೆ ಹದಿನಾರು ಡಿಗ್ರಿ ಇತ್ತು. ಎದುರು ದಡದ ಮರದ ಕೆಳಗೆ ಒಂದು ಮೀನು 'ಬುಳುಕ್' ಅಂತ ಮೇಲೆದ್ದು ಹುಳ ನುಂಗುತ್ತಿತ್ತು. ಅದರ ಬೆನ್ನ ಹಿಂದಿನಿಂದ, ಕೆಳಹರಿವಿನ ಕಡೆಯಿಂದ ಬಗ್ಗಿಕೊಂಡು ಹೋದೆ. ಮೊದಲ ಎಸೆತ ಮುಳ್ಳುಗಿಡಕ್ಕೆ. ಎರಡನೆಯದು ಸರಿಯಾಗೇ ಬಿತ್ತು, ಆದರೆ ನಡುನೀರಿನ ಸೆಳೆತ ದಾರವನ್ನು ಎಳೆದುಕೊಂಡು ಹೋಯಿತು. ಸತ್ತು ಬಿದ್ದಿರಬೇಕಾದ ನನ್ನ ಹುಳ ಬಸ್ಸು ತಪ್ಪಿದವರ ಹಾಗೆ ನೀರ ಮೇಲೆ ಓಡತೊಡಗಿತು. ಮೂರನೆಯದಕ್ಕೆ ಮೀನು ಎದ್ದೇಬಿಟ್ಟಿತು! ಹುಳದ ಕೆಳಗೆ ಮೂಗಿಟ್ಟು, ಅದರ ಜೊತೆಗೇ ಒಂದು ಗೇಣು ತೇಲಿ, ಸಾವಕಾಶವಾಗಿ ನೋಡಿ, ಇಳಿದು ಹೋಯಿತು. ಉಪ್ಪಿಟ್ಟು ಕೇಸರಿಭಾತು ತಿಂದು "ಊರಿಗೆ ಹೋಗಿ ಕಾಗದ ಬರೀತೀವಿ" ಅಂತ ಎದ್ದ ಗಂಡಿನ ಕಡೆಯವರು ನೆನಪಾದರು. ಇದು ಉಪ್ಪಿಟ್ಟನ್ನೂ ಮುಟ್ಟಲಿಲ್ಲ.

ಸಿಟ್ಟಿನಲ್ಲಿ ಬೀಸಿದ ನಾಲ್ಕನೆಯದು ಹಿಂದಿನ ಪೊದೆಗೆ ಸಿಕ್ಕಿತು. ಬಿಡಿಸಲು ಕೈ ಹಾಕಿದ್ದೇ ತಡ, ಪಟಪಟ ಅಂತ ಬೀಜ ಸಿಡಿದು ಮುಖಕ್ಕೆ ಬಡಿದವು. ಹಿಮಾಲಯನ್ ಬಾಲ್ಸಮ್: ನಮ್ಮ ಹಿತ್ತಲ ಗೌರಿಹೂವಿನ ದಾಯಾದಿ. 1839ರಲ್ಲಿ ಚೆಂದಕ್ಕೆಂದು ತಂದವರು ಈ ಇಂಗ್ಲಿಷರೇ. ಈಗ ಹೊಳೆದಂಡೆಯನ್ನೆಲ್ಲ ನುಂಗಿದೆ ಅಂತ ಬೇಸಿಗೆಯಲ್ಲಿ ಗುಂಪು ಕಟ್ಟಿಕೊಂಡು ಕೀಳುತ್ತಾರೆ. ನಮ್ಮ ಕಡೆಯದು ಅಂತ ನಾನು ಬಾಯಿ ಬಿಡಲಿಲ್ಲ.

ಕತ್ತಲಾಯಿತು. ಕೊನೆಯದೊಂದು ಅಂತ ಎಸೆದೆ. ದಾರ ಬಿಗಿಯಾಯಿತು! "ಸಿಕ್ತು!" ಅಂತ ಕನ್ನಡದಲ್ಲೇ ಕೂಗಿದೆ. ಅಜ್ಜ ಬಲೆ ಹಿಡಿದು ಓಡಿ ಬಂದರು. ಆದರೆ ದಾರ ನೀರಿನ ಕಡೆ ಹೋಗದೆ ಆಕಾಶದ ಕಡೆ ಹೊರಟಿತ್ತು. ಬಾವಲಿ. ಕೊಕ್ಕೆಯ ತುದಿಗೆ ಹಿಮ್ಮುಳ್ಳಿರಲಿಲ್ಲವಾಗಿ ಎರಡು ಸುತ್ತು ಹೊಡೆದು ತಾನೇ ಬಿಡಿಸಿಕೊಂಡು ಹೋಯಿತು. "ಇಷ್ಟು ದಿನದಲ್ಲಿ ನಿನ್ನ ಹುಳವನ್ನು ನಂಬಿದ ಮೊದಲ ಪ್ರಾಣಿ," ಅಂದರು ಅಜ್ಜ, ಬಲೆ ಮಡಚುತ್ತಾ.

ಮಾರನೆಯ ದಿನ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಲೈಸೆನ್ಸ್ ಬೇಕು, ದಿನದ ಟಿಕೆಟ್ ಬೇರೆ, ಸಿಕ್ಕರೂ ವಾಪಸ್ ಬಿಡಬೇಕು ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಅಪ್ಪಿ, ನಿನ್ನಪ್ಪನ ಕೂಣಿ ಇನ್ನೂ ಅಟ್ಟದ ಮೇಲಿದೆ. ಬರೋರ ಕೈಲಿ ಕಳಿಸ್ಲಾ?"