ಬಯಲು ಬಚ್ಚಲು ಭಾಗ್ಯ

ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ಐದು ದಿನದ ಮಟ್ಟಿಗೆ ಬಾಲಿ ದ್ವೀಪಕ್ಕೆ ಹೋಗಿ ಬಂದರು. ಹೋಗುವಾಗ ಅವರ ಬೆಂಗಳೂರಿನ ಮನೆಯಲ್ಲಿ ಮೂರು ಬಚ್ಚಲುಗಳಿದ್ದವು. ಬಂದ ಮೇಲೆ ಅವರ ಲೆಕ್ಕದಲ್ಲಿ ಒಂದೂ ಇರಲಿಲ್ಲ. "ನಾಲ್ಕು ಗೋಡೆಯ ನಡುವೆ ಮಾಡುವುದು ಸ್ನಾನವಲ್ಲ ಮಾರಾಯ, ಪಾತ್ರೆ ತೊಳೆದ ಹಾಗೆ. ಮೇಲೆ ಆಕಾಶ ಕಾಣಬೇಕು, ಕಾಲಡಿಗೆ ಕಲ್ಲು ಇರಬೇಕು, ಪಕ್ಕದಲ್ಲಿ ಬಾಳೆಗಿಡ ಇರಬೇಕು" ಎಂದರು.

ನಾನು ಸುಮ್ಮನೆ ತಲೆಯಾಡಿಸಿದೆ. ಅಂಥದೇ ಒಂದು ಬಚ್ಚಲು ತೀರ್ಥಹಳ್ಳಿ ಕಡೆಯ ಅವರ ಮೂಲಮನೆಯ ಹಿತ್ತಿಲಲ್ಲಿತ್ತು. ಅರ್ಧ ಸೋಗೆಯ ಮಾಡು, ಅರ್ಧ ಆಕಾಶ. ತಾಮ್ರದ ಹಂಡೆ, ಅದರ ಒಲೆಗೆ ಅಡಿಕೆ ಸಿಪ್ಪೆ, ಮೂರು ತಲೆಮಾರಿನವರು ಹಿಮ್ಮಡಿ ಉಜ್ಜಿ ಉಜ್ಜಿ ನಡುವೆ ತಗ್ಗಾಗಿದ್ದ ಚಪ್ಪಡಿ ಕಲ್ಲು. ಮಿಂದ ನೀರು ಯಾರ ಅಪ್ಪಣೆಗೂ ಕಾಯದೆ ಬಾಳೆಬುಡಕ್ಕೆ, ಅಲ್ಲಿಂದ ಕೆಸುವಿನ ಮಡಿಗೆ ಹರಿದುಹೋಗುತ್ತಿತ್ತು. ಕೆಲಸ ಸಿಕ್ಕಿದ ಹೊಸತರಲ್ಲಿ ಸಾಲ ಎತ್ತಿ ಅದನ್ನು ಕೆಡವಿಸಿ, ಮನೆಯೊಳಗೆ ಗುಲಾಬಿ ಬಣ್ಣದ ಟೈಲ್ಸ್ ಹಾಕಿಸಿ ಬಚ್ಚಲು ಕಟ್ಟಿಸಿದವರು ಇದೇ ಭಾವ. "ಹೊರಗೆ ಹೋಗಿ ಮೀಯುವುದೆಂದರೆ ಏನಮ್ಮ, ಯಾವ ಕಾಲದಲ್ಲಿದ್ದೀರಿ?" ಎಂದು ಆಗ ತಾಯಿಯನ್ನು ಗದರಿದ್ದರು. ಹಂಡೆಯನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟಿದ್ದರು. ಈಗ ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ಅಳತೆಯ ಹಂಡೆಗೆ ಮುಂಗಡ ಕೊಟ್ಟು ಬಂದಿದ್ದರು. ಅದಕ್ಕೆ ಬೆಂಕಿ ಹಾಕುವಂತಿಲ್ಲ, ಮಸಿ ಹಿಡಿದರೆ ಅಂದ ಕೆಡುತ್ತದೆಯಂತೆ.

ಭಾವನ ಕೈತೋಟದ ಬಗ್ಗೆ ಒಂದು ಮಾತು ಹೇಳಲೇಬೇಕು. ನಲವತ್ತಕ್ಕೆ ಅರವತ್ತರ ನಿವೇಶನದಲ್ಲಿ ಮನೆ ಕಟ್ಟುವಾಗ ಗಾಳಿ ಬೆಳಕಿಗೆಂದು ಪಾಲಿಕೆ ಕಡ್ಡಾಯವಾಗಿ ಬಿಡಿಸಿದ ಸೆಟ್‌ಬ್ಯಾಕ್ ಜಾಗಕ್ಕೆ ಅವರು ಇಟ್ಟ ಹೆಸರು ಅದು. ಅಲ್ಲಿ ಏನನ್ನೂ ಕಟ್ಟುವಂತಿಲ್ಲ. ಆದ್ದರಿಂದ ಸಲಹೆಗಾರನೊಬ್ಬ ಬಂದ. ಮೂವತ್ತರೊಳಗಿನ ಹುಡುಗ, ಅವನ ವಿಸಿಟಿಂಗ್ ಕಾರ್ಡನ್ನು ಮಣ್ಣಿನಲ್ಲಿ ಹೂತರೆ ತುಳಸಿ ಮೊಳೆಯುತ್ತದೆಯಂತೆ. "ಸರ್, ನಾವು ಬಚ್ಚಲು ಕಟ್ಟುತ್ತಿಲ್ಲ. ನೀರಿನೊಂದಿಗೆ ಸಂವಾದ ನಡೆಸುವ ಒಂದು ತಾಣವನ್ನು ರೂಪಿಸುತ್ತಿದ್ದೇವೆ" ಎಂದ. ಸಂವಾದಕ್ಕೆ ಪಾಲಿಕೆಯ ಪರವಾನಗಿ ಬೇಕಿಲ್ಲ.

ನಕ್ಷೆ ಸಿದ್ಧವಾದದ್ದು 2024ರ ಫೆಬ್ರುವರಿಯಲ್ಲಿ. ಸಾದರಹಳ್ಳಿ ಕಲ್ಲಿನ ಹಾಸು, ಬಿದಿರಿನ ತಟ್ಟಿ, ನಯವಾದ ಹೊಳೆಗಲ್ಲು, ನಡುವೆ ಎಂಟಡಿ ಎತ್ತರದಲ್ಲಿ ಊಟದ ತಟ್ಟೆಯಷ್ಟು ಅಗಲದ ಮಳೆ ಷವರ್. ಅದರ ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 18 ಲೀಟರ್ ಎಂದು ಬರೆದಿತ್ತು. ಜಲಜೀವನ್ ಮಿಷನ್ ಹಳ್ಳಿಯವನೊಬ್ಬನಿಗೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಎಲ್ಲ ಸೇರಿ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಕಟ್ಟಿದೆ. ಭಾವ ಷವರಿನಡಿ ನಿಂತು, ಕಣ್ಣು ಮುಚ್ಚಿ, ಸೋಪು ಎಲ್ಲಿದೆ ಎಂದು ಕೈಯಾಡಿಸುವಷ್ಟರಲ್ಲಿ ಹಳ್ಳಿಯವನ ಒಂದು ದಿನ ಮುಗಿದಿರುತ್ತದೆ.

ಮಾರ್ಚ್ ಬಂತು. ಆ ಮಾರ್ಚ್ ಬೆಂಗಳೂರಿನವರಿಗೆ ನೆನಪಿರಬೇಕು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಉಪಮುಖ್ಯಮಂತ್ರಿಗಳು ತಮ್ಮ ಮನೆಯ ಕೊಳವೆಬಾವಿಯೂ ಬತ್ತಿದೆ ಎಂದು ಪ್ರಜೆಗಳ ದುಃಖದಲ್ಲಿ ಪಾಲು ಪಡೆದರು. ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ, ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಈಜುಕೊಳವೂ ಪಟ್ಟಿಗೆ ಸೇರಿತು. ಭಾವ ಆದೇಶವನ್ನು ಎರಡು ಸಲ ಓದಿ ನೆಮ್ಮದಿಯ ಉಸಿರು ಬಿಟ್ಟರು. "ನೋಡು, ಗಿಡಕ್ಕೆ ನೀರು ಹಾಕಿದರೆ ದಂಡ. ಗಿಡದ ಪಕ್ಕ ನಿಂತು ನನ್ನ ಮೈಗೆ ಹಾಕಿಕೊಂಡರೆ ಇಲ್ಲ. ಅದು ಗಿಡಕ್ಕೆ ಸಿಡಿದರೆ ನಾನೇನು ಮಾಡಲಿ?"

ಇಂಥ ಓದು ಅವರಿಗೆ ಸಲೀಸು. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಅವರು. ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಿ, ಕಾವೇರಿ ತಾಯಿಯನ್ನು ಉಳಿಸಿ ಎಂಬ ಕರಪತ್ರ ಬರೆದು ಪ್ರತಿ ವಿದ್ಯುತ್ ಕಂಬಕ್ಕೂ ಅಂಟಿಸಿದವರೂ ಅವರೇ. ಕರಪತ್ರದ ಗೋಂದು ಕಲಸಿದ ಮಧ್ಯಾಹ್ನವೇ ಲಾರಿಯಿಂದ ಕಲ್ಲು ಇಳಿಯಿತು.

ಕಾಮಗಾರಿಗೆ ಟ್ಯಾಂಕರ್ ನೀರು ಬೇಕಾಯಿತು. ಜಿಲ್ಲಾಡಳಿತ 12 ಸಾವಿರ ಲೀಟರಿನ ಟ್ಯಾಂಕರಿಗೆ, 5 ಕಿಲೋಮೀಟರ್ ಒಳಗಾದರೆ, 1,000 ರೂಪಾಯಿ ಎಂದು ದರ ಗೊತ್ತುಮಾಡಿತ್ತು. ಭಾವ ಆ ಸುದ್ದಿಯ ಪತ್ರಿಕೆಯನ್ನೇ ಹಿಡಿದು ತೋರಿಸಿದರು. ಟ್ಯಾಂಕರಿನವನು ಗೌರವದಿಂದ ಓದಿ, ಮಡಚಿ ವಾಪಸು ಕೊಟ್ಟ. "ಈ ದರಕ್ಕೆ ಪತ್ರಿಕೆ ಸಿಗುತ್ತದೆ ಸರ್. ನೀರು ಸಿಗುವುದಿಲ್ಲ."

ಇಷ್ಟೆಲ್ಲ ಆಗುವಾಗ ಮನೆಯ ಮಾಳಿಗೆಯಿಂದ ಇಳಿದ ಮಳೆನೀರಿನ ಕೊಳವೆಯೊಂದು ಇದೇ ಕೈತೋಟದ ಮೂಲೆಯಲ್ಲಿ ನಿಂತು ನೋಡುತ್ತಿತ್ತು. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ. ಆದ್ದರಿಂದ ಭಾವನ ಮನೆಯಲ್ಲೂ ಇದೆ. ದಪ್ಪ ಕೊಳವೆ, ಅದಕ್ಕೊಂದು ನೀಲಿ ಶೋಧಕ, ಶೋಧಕದ ಮೇಲೆ ಕಂಪನಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಬಗ್ಗಿ ನೋಡಿದರೆ ಕೊಳವೆಯ ಕೊನೆ ನೇರವಾಗಿ ಬೀದಿಯ ಚರಂಡಿಗಿಳಿಯುತ್ತದೆ. ಸಂಗ್ರಹವಾದದ್ದು ತಪಾಸಣೆಗೆ ಬಂದವನು ತೆಗೆದುಕೊಂಡು ಹೋದ ಒಂದು ಫೋಟೋ ಮಾತ್ರ. ಆಕಾಶದಿಂದ ಪುಕ್ಕಟೆ ಬಿದ್ದ ನೀರು ಚರಂಡಿಗೆ. ಮಳೆ ಷವರಿಗೆ ಬೇಕಾದ ನೀರೋ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಿಗೆ ಮೈಯೊಡ್ಡಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಏರಿ ಬರಬೇಕು. ಹಾಗೆ ಏದುಸಿರು ಬಿಡುತ್ತ ಬಂದ ಕಾವೇರಿಯನ್ನು ಎಂಟಡಿ ಮೇಲಿಂದ ಮಳೆಯಂತೆ ನಟಿಸು ಎಂದು ಕೆಳಕ್ಕೆ ದೂಡುವುದು.

ಮೊದಲ ಸಂಕಟ ಮೋರಿಯಿಂದ ಬಂತು. ಒಳಚರಂಡಿಗೆ ಮಳೆನೀರು ಬಿಡುವಂತಿಲ್ಲ. ಮಳೆನೀರಿನ ಚರಂಡಿಗೆ ಬಚ್ಚಲ ನೀರು ಬಿಡುವಂತಿಲ್ಲ. ಸೂರಿಲ್ಲದ ಬಚ್ಚಲಿನ ನಹನಿ ಟ್ರ್ಯಾಪಿಗೆ, ಅಂದರೆ ನೆಲದ ತೂಬಿಗೆ, ಎರಡೂ ಬಂದು ಬೀಳುತ್ತವೆ. ಪ್ಲಂಬರ್ ತಲೆ ಕೆರೆದುಕೊಂಡು, "ಒಂದು ವಾಲ್ವ್ ಕೊಡುತ್ತೇನೆ ಸರ್. ಬೇಸಿಗೆಯಲ್ಲಿ ಈ ಕಡೆ ತಿರುಗಿಸಿ, ಮಳೆಗಾಲದಲ್ಲಿ ಆ ಕಡೆ" ಎಂದ.

"ಮಳೆ ಬರುವಾಗಲೇ ಸ್ನಾನ ಮಾಡಿದರೆ?"

"ಮಳೆ ಬರುವಾಗ ಹೊರಗೆ ಯಾರಾದರೂ ಸ್ನಾನ ಮಾಡುತ್ತಾರಾ ಸರ್?"

ಇಡೀ ಯೋಜನೆಯ ತಳಕಲ್ಲನ್ನೇ ಅಲ್ಲಾಡಿಸಿದ ಈ ಮಾತಿಗೆ ಭಾವ ಒಂದು ದಿನ ಮಂಕಾದರು. ಮರುದಿನ ಸಲಹೆಗಾರ ದಾರಿ ತೋರಿಸಿದ: ಜೈವಿಕ ಶೋಧನಾ ತೋಟ, ಅರವತ್ತು ಸಾವಿರ. ಗುಂಡಿ ತೋಡಿ, ಜಲ್ಲಿ ತುಂಬಿ, ಸುತ್ತ ನೀರು ಕುಡಿಯುವ ಗಿಡ ನೆಡುವುದು. ನಮ್ಮೂರಿನಲ್ಲಿ ಇದನ್ನೇ ಬಚ್ಚಲುಗುಂಡಿ ಎಂದು ಕರೆದು, ನರೇಗಾದಲ್ಲಿ ಹೆಸರು ಬರೆಸಿಕೊಂಡರೆ ಪಂಚಾಯಿತಿಯೇ ಹಣ ಕೊಡುತ್ತಿತ್ತು.

ಎರಡನೆಯ ಸಂಕಟಕ್ಕೆ ಐದು ಮಹಡಿ. ಹಿಂದಿನ ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಹುಡುಗರ ಪಿಜಿಯೊಂದು ಎದ್ದುನಿಂತಿದೆ. ಅದರ ಪ್ರತಿ ಬಾಲ್ಕನಿಯಲ್ಲೂ ಒಗೆದ ಅಂಗಿ, ಚಹಾದ ಲೋಟ, ಮೊಬೈಲ್ ಹಿಡಿದ ಒಬ್ಬ ತರುಣ. ಬಿದಿರಿನ ತಟ್ಟಿ ಏಳಡಿಗೆ ಏರಿತು. ಎರಡನೆಯ ಮಹಡಿಗೆ ಮರೆಯಾಯಿತು, ಮೂರನೆಯದಕ್ಕೆ ಕಾಣುತ್ತಿತ್ತು. ಮೇಲೆ ಮರದ ಪಟ್ಟಿಗಳ ಚಪ್ಪರ ಬಂತು, ಬಳ್ಳಿ ಹಬ್ಬಿದರೆ ಮುಚ್ಚುತ್ತದೆ ಎಂದ ಸಲಹೆಗಾರ. ಬಳ್ಳಿಗೆ ಎರಡು ವರ್ಷ ಬೇಕು, ಪಿಜಿಯ ಹುಡುಗರಿಗೆ ಅಷ್ಟು ತಾಳ್ಮೆ ಇಲ್ಲ. ಹಾಗಾಗಿ ಹಾಲುಬಣ್ಣದ ಪಾಲಿಕಾರ್ಬೊನೇಟ್ ಹಾಳೆ ಬಂತು. ಅಲ್ಲಿಗೆ ಆಕಾಶದ ಕಥೆ ಮುಗಿಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಮರಿ ಮಾಡುವಂತೆ ನೀರು ನಿಲ್ಲಿಸಿಕೊಂಡ ನಗರದ ಮನೆಗೆ 400 ರೂಪಾಯಿ ದಂಡ. ನಿಂತ ನೀರಿಗೆ 400, ಹರಿದ ನೀರಿಗೆ 5,000. ಬೆಂಗಳೂರಿನಲ್ಲಿ ನೀರು ಹೇಗಿರಬೇಕು ಎಂಬುದನ್ನು ನೀರೇ ತೀರ್ಮಾನಿಸಬೇಕು. ಹೊಳೆಗಲ್ಲಿನ ಸಂದುಗಳಲ್ಲಿ ನೀರು ನಿಲ್ಲುತ್ತಿತ್ತು, ಭಾವ ಕಲ್ಲು ತೆಗೆಸಿ ಸಿಮೆಂಟ್ ಬಳಿಸಿದರು, ನಾಲ್ಕೂ ಕಡೆ ಸೊಳ್ಳೆ ಪರದೆ ಹಾಕಿಸಿದರು. ಪರದೆ ಬಂದ ಮೇಲೆ ಕತ್ತಲಾಯಿತೆಂದು ದೀಪ, ಸೆಖೆಯಾಯಿತೆಂದು ಗಾಳಿ ಹೊರದೂಡುವ ಫ್ಯಾನ್. ಮಳೆಗಾಲದಲ್ಲಿ ಅಲ್ಲಿಗೆ ಹೋಗಲು ಕೊಡೆ ಬೇಕು ಎಂಬುದನ್ನು ಬಿಟ್ಟರೆ ಒಳಗಿನ ಮೂರಕ್ಕೂ ಈ ನಾಲ್ಕನೆಯದಕ್ಕೂ ಈಗ ವ್ಯತ್ಯಾಸವಿಲ್ಲ.

ನಡುವೆ ನಡೆದ ಒಂದು ಪ್ರಸಂಗವನ್ನು ಬಿಟ್ಟುಬಿಡಲು ಮನಸ್ಸಾಗುತ್ತಿಲ್ಲ. ಗಾರೆ ಕೆಲಸದ ಮೇಸ್ತ್ರಿ ಯಾದಗಿರಿ ಕಡೆಯವನು. ಎರಡು ಬೀದಿ ಆಚೆಯ ಖಾಲಿ ನಿವೇಶನದಲ್ಲಿ ತಗಡಿನ ಷೆಡ್ ಹಾಕಿಕೊಂಡು ಸಂಸಾರ ಸಮೇತ ಇದ್ದಾನೆ. ಷೆಡ್ಡಿನ ಪಕ್ಕ ನಾಲ್ಕು ಸರ್ವೆ ಕೋಲು ನೆಟ್ಟು, ಹುಟ್ಟುಹಬ್ಬದ ಶುಭಾಶಯದ ಹಳೆಯ ಫ್ಲೆಕ್ಸ್ ಒಂದನ್ನು ಮೂರು ಕಡೆ ಸುತ್ತಿದ್ದಾರೆ. ನಾಯಕರೊಬ್ಬರು ಅಲ್ಲಿ ಬೀದಿಗೆ ಮುಖ ಮಾಡಿ ಕೈಮುಗಿದು ನಗುತ್ತಿದ್ದಾರೆ. ಒಳಗೆ ಒಂದು ಕಡಪಾ ಕಲ್ಲಿನ ತುಂಡು, ಒಂದು ನೀಲಿ ಡ್ರಮ್. ನಾಲ್ಕನೆಯ ಕಡೆಗೆ ಸೀರೆ. ಮೇಸ್ತ್ರಿಯ ಹೆಂಡತಿ ಅಲ್ಲಿ ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸುತ್ತಾಳೆ. ಮುಗಿಸಲೇಬೇಕು. ಸಲಹೆಗಾರ ಅದನ್ನು ಕಂಡವನೇ ನಿಂತುಬಿಟ್ಟ. "ಎಷ್ಟು ಸಹಜವಾಗಿದೆ! ಈ ಒರಟುತನವೇ ನಮ್ಮ ವಿನ್ಯಾಸಕ್ಕೆ ಬೇಕಾದದ್ದು" ಎಂದು ಆರೇಳು ಫೋಟೋ ತೆಗೆದುಕೊಂಡ. ಸಂಜೆ ಮೇಸ್ತ್ರಿ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ: "ಸಾಹೇಬರು ನಮ್ಮ ಬಚ್ಚಲಿನ ಫೋಟೋ ಹಿಡಿದುಕೊಂಡು ಹೋದರಲ್ಲ ಸರ್, ಕಟ್ಟಿಸಿಕೊಡುತ್ತಾರೇನು?"

ಪ್ರವೇಶೋತ್ಸವ ದೀಪಾವಳಿಗೆ. ಅಕ್ಟೋಬರ್ 16ರಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಗಿತ್ತು. ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ನೀರು ಬರುತ್ತದೆ ಎಂದು ಓದಿ, ಅದು ತಮ್ಮ ಷವರಿನ ದಾರಿಯಲ್ಲೇ ಹೊರಟಿದೆ ಎಂಬಂತೆ ಭಾವ ಹಿಗ್ಗಿದ್ದರು. ಅದೇ ವಾರ ಮಳೆ ಸುರಿದು ಯಲಹಂಕದ ಕಡೆ ಅಪಾರ್ಟ್‌ಮೆಂಟಿನ ಜನ ದೋಣಿ ಹತ್ತಿದರು. ಭಾವನ ನೀಲಿ ಶೋಧಕದ ಕೊಳವೆ ಹಗಲಿರುಳು ಚರಂಡಿಗೆ ಸುರಿಯಿತು.

ನರಕ ಚತುರ್ದಶಿಯ ಬೆಳಗಿನ ಎಣ್ಣೆಸ್ನಾನಕ್ಕೆ ನಮ್ಮ ಅತ್ತೆಯವರನ್ನು ಊರಿನಿಂದ ಕರೆಸಿದ್ದರು. ಅವರು ಹಂಡೆಯನ್ನು ಬೆರಳ ಗಿಣ್ಣಿನಿಂದ ಬಡಿದು ನೋಡಿದರು. "ಒಲೆ ಎಲ್ಲಿ?"

"ಒಲೆ ಇಲ್ಲ ಅತ್ತೆ. ಇದು ಅಲಂಕಾರಕ್ಕೆ."

"ಬಿಸಿನೀರು?"

"ಮೇಲೆ ಸೋಲಾರ್ ಇದೆ." ಹದಿನೈದು ದಿನದಿಂದ ಮೋಡ ಮುಸುಕಿತ್ತು. ನೀರು ಮಂಜಿನಂತಿತ್ತು. ಅತ್ತೆ ಸುತ್ತ ಕಣ್ಣಾಡಿಸಿ, ಪರದೆ, ಫ್ಯಾನು, ದೀಪ ಎಲ್ಲ ನೋಡಿ, "ಚೆನ್ನಾಗಿದೆ. ಕರೆಂಟು ಹೋದರೆ ಇಲ್ಲಿ ಸ್ನಾನ ಮಾಡಲು ಆಗುವುದಿಲ್ಲ ಅಲ್ಲವೇ?" ಎಂದು ಕೇಳಿ ಮನೆಯೊಳಗೆ ಹೋದರು. ಗೀಸರ್ ಹಾಕಿದ ಸದ್ದು ಕೇಳಿಸಿತು. ಒಬ್ಬೊಬ್ಬರಾಗಿ ನಾವೂ ಅಲ್ಲೇ ಸರದಿಯಲ್ಲಿ ನಿಂತೆವು. ಭಾವ ಒಬ್ಬರೇ ಹೊರಗೆ ಹೋದರು. ಒಂದು ಚೀತ್ಕಾರ ಕೇಳಿಸಿತು, ಕಾಗೆ ಸ್ನಾನ ಮುಗಿಸಿ ನಡುಗುತ್ತ ಬಂದರು. ಒಟ್ಟು ಖರ್ಚು ನಾಲ್ಕೂವರೆ ಲಕ್ಷ.

ಉಳಿದಿದ್ದ ಬಿದಿರು ತಟ್ಟಿಯ ತುಂಡೊಂದನ್ನು ಮೇಸ್ತ್ರಿ ಕೇಳಿದ. ಅವರ ಫ್ಲೆಕ್ಸ್ ಮಳೆಗೆ ಹರಿದುಹೋಗಿತ್ತು. ಭಾವ ಕೊಟ್ಟರು. ಇಡೀ ಕಾಮಗಾರಿಯಲ್ಲಿ ಬಯಲಿನ ಸ್ನಾನಕ್ಕೆಂದು ನಿಜವಾಗಿ ಬಳಕೆಯಾದ ಸಾಮಾನು ಅದೊಂದೇ.

2025ರ ಫೆಬ್ರುವರಿಯಲ್ಲಿ 5,000 ರೂಪಾಯಿಯ ಆದೇಶ ಮತ್ತೆ ಬಂತು. ಭಾವ ಹಳೆಯ ಕರಪತ್ರವನ್ನೇ ಇಸವಿ ತಿದ್ದಿ ಅಂಟಿಸಿದರು. ಬಯಲು ಬಚ್ಚಲಿನಲ್ಲಿ ಈಗ ಟ್ಯಾಂಕರ್ ನೀರಿನ ಡ್ರಮ್ಮುಗಳಿವೆ, ಬಟ್ಟೆ ಒಣಹಾಕುವ ಹಗ್ಗವಿದೆ. ಮಳೆ ಷವರ್ ಸೋರುತ್ತದೆ. ಅಂಥ ಮಾದರಿಯನ್ನು ತಾನು ಬಿಚ್ಚುವುದಿಲ್ಲ ಎಂದು ಪ್ಲಂಬರ್ ಕೈಮುಗಿದಿದ್ದಾನೆ. ಹನಿ ಬೀಳುವ ಜಾಗದಿಂದ ನೀರು ಜೈವಿಕ ಶೋಧನಾ ತೋಟಕ್ಕೆ ಸಣ್ಣಗೆ ಜಿನುಗುತ್ತದೆ. ಅಲ್ಲಿ ಸಲಹೆಗಾರ ನೆಡಿಸಿದ ವಿದೇಶಿ ಹುಲ್ಲೆಲ್ಲ ಸತ್ತು, ದೀಪಾವಳಿಯಂದು ಅತ್ತೆ ಸೆರಗಿನಲ್ಲಿ ತಂದು ಯಾರಿಗೂ ಹೇಳದೆ ಹೂತಿದ್ದ ಎರಡು ಕೆಸುವಿನ ಗೆಡ್ಡೆ ಆನೆಯ ಕಿವಿಯಂತೆ ಎಲೆ ಬಿಟ್ಟಿವೆ.

ಆಷಾಢದ ಭಾನುವಾರ ಅಕ್ಕ ಆ ಕೆಸುವಿನ ಎಲೆಯ ಪತ್ರೊಡೆ ಮಾಡಿ ಕರೆದರು. ನನ್ನ ತಟ್ಟೆಗೆ ನಾಲ್ಕು ಹೋಳು ಬಂತು. ತುಂಬ ರುಚಿಯಾಗಿತ್ತು. ಖರ್ಚಿನ ಲೆಕ್ಕ ನೆನಪಾಗಿ ಇನ್ನೊಂದು ಹೋಳು ಕೇಳಲು ಬಾಯಿ ಬರಲಿಲ್ಲ.