ಟಿಕ ಟಿಕನೋ, ದಡ ದಡನೋ?

ಅರಸೀಕೆರೆ ದಾಟುತ್ತಿದ್ದಂತೆ ಕಾರಿನ ಮೂತಿಯಿಂದ ಒಂದು ಸದ್ದು ಶುರುವಾಯಿತು. ನನಗೆ ಕೇಳಿದ್ದು ‘ಜಿಣ ಜಿಣ’. ಹೆಂಡತಿಗೆ ‘ಟರ ಟರ’. ಹಿಂದೆ ಕೂತಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ, ‘ಸ್ಟೀಲ್ ಡಬ್ಬೀಲಿ ಕಡಲೆಕಾಯಿ ಅಲ್ಲಾಡಿಸ್ದಂಗಿದೆ’ ಎಂದರು.

ತಿಪಟೂರಿನಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ನೋಡಿದೆ. ಆಯಿಲ್ ಇತ್ತು. ಬಾನೆಟ್ ಎತ್ತಿದ ಮೇಲೆ ನನಗೆ ಮಾಡಲು ಬರುವುದು ಅಷ್ಟೇ. ಅಲ್ಲೇ ಊರಲ್ಲಿದ್ದ ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ‘ಯಾವ ಥರ ಸೌಂಡು? ಮಾಡಿ ತೋರಿಸಿ ಸಾರ್’ ಎಂದ. ಎಳನೀರು ಗಾಡಿಯ ಪಕ್ಕ ನಿಂತು, ಐವತ್ತು ದಾಟಿದ ನಾನು ಫೋನಿಗೆ ‘ಜಿಣ ಜಿಣ ಜಿಣ’ ಎಂದೆ. ಎಳನೀರಿನವನ ಮಚ್ಚು ಗಾಳಿಯಲ್ಲೇ ನಿಂತಿತು.

‘ಟಿಕ ಟಿಕ ಅಲ್ವಲ್ಲ? ದಡ ದಡ ಅಲ್ವಲ್ಲ? ಹಂಗಾದ್ರೆ ನಿಧಾನಕ್ಕೆ ಓಡಿಸ್ಕೊಂಡ್ ಬನ್ನಿ.’

ಅವನ ಶೆಡ್ಡಿನಲ್ಲಿ ಈ ಅಕ್ಷರಮಾಲೆಯ ಅರ್ಥ ತಿಳಿಯಿತು. ‘ಟಿಕ ಟಿಕ’ ಅಂದರೆ ಟ್ಯಾಪೆಟ್, ಇಂಜಿನ್ನಿಗೆ ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ವಾಲ್ವುಗಳನ್ನು ತಳ್ಳುವ ಭಾಗ. ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದೊಂದು ವಾಲ್ವು 400 ಸಲ ಬಾಯಿ ತೆರೆದು ಮುಚ್ಚುತ್ತದೆ. ಅಲ್ಲಿ ಕೂದಲೆಳೆಯಷ್ಟು ಸಂದು ಜಾಸ್ತಿಯಾದರೂ ಟಿಕ ಟಿಕ. ಹಳೇ ಗಾಡಿಯಾದರೆ ಗೇಜ್ ಇಟ್ಟು ಸಂದು ಸರಿಮಾಡಿದರೆ ಆಯಿತು. ‘ಕೀಂಯ್’ ಅಂದರೆ ಬೆಲ್ಟು. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಸದ್ದು ಬದಲಾದರೆ ಕಳ್ಳ ಸಿಕ್ಕಿದ ಹಾಗೆ. ‘ದಡ ದಡ’ ಅಂದರೆ ಮಾತ್ರ ಎದೆ ಹಿಡಿದುಕೊಳ್ಳಬೇಕು. ಅದು ಕ್ರ್ಯಾಂಕಿನ, ಅಂದರೆ ಇಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ ಬೇರಿಂಗು, ಇಂಜಿನ್ನೇ ಇಳಿಸಬೇಕು. ಟಕಾರ ದಕಾರವಾದರೆ ಬಿಲ್ಲಿಗೆ ಎರಡು ಸೊನ್ನೆ ಸೇರುತ್ತದೆ. ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟವರು ಇದನ್ನು ಹೇಳಿರಲಿಲ್ಲ.

ನನ್ನ ‘ಜಿಣ ಜಿಣ’ ಈ ಪಟ್ಟಿಯಲ್ಲೇ ಇಲ್ಲ. ಅವನು ಮೊಳದುದ್ದದ ಸ್ಕ್ರೂಡ್ರೈವರ್ ತಂದ. ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಹುಡುಗ ಒಳಗೆ ಕೂತು ಆಕ್ಸಿಲರೇಟರ್ ತುಳಿಯುತ್ತಿದ್ದ. ಸುಮ್ನೆ ನಿಂತಾಗ ಸದ್ದಿಲ್ಲ, ಜೋರಾಗಿ ತುಳಿದರೂ ಇಲ್ಲ. ನಡುವೆ ಎಲ್ಲೋ ಒಂದು ಕಡೆ ಬರುತ್ತದೆ, ಹೋಗುತ್ತದೆ. ‘ಹಾಂ, ಅಲ್ಲೇ ಹಿಡ್ಕೋ’ ಎಂದ. ಸ್ಕ್ರೂಡ್ರೈವರ್ ವಾಲ್ವ್ ಕವರ್ ಬಿಟ್ಟಿತು, ಆಲ್ಟರ್ನೇಟರ್ ಬಿಟ್ಟಿತು, ಸೈಲೆನ್ಸರ್ ಪೈಪು ಶುರುವಾಗುವ ಕಡೆ ಬಂತು. ಅಲ್ಲಿ ಬಿಸಿ ತಡೆಯಲು ಮುಚ್ಚಿರುವ ಒಂದು ತೆಳು ತಗಡು. ಅದನ್ನು ಒತ್ತಿ ಹಿಡಿದ. ಸದ್ದು ಬಂದ್. ಬಿಟ್ಟ, ಜಿಣ ಜಿಣ. ಮತ್ತೆ ಒತ್ತಿದ, ಬಂದ್.

ತಗಡಿನ ಒಂದು ಬೋಲ್ಟು ತುಕ್ಕು ಹಿಡಿದು ಉದುರಿಹೋಗಿತ್ತು. ಇಂಜಿನ್ ತಣ್ಣಗಾಗಲು ಮುಕ್ಕಾಲು ಗಂಟೆ ಕಾದೆವು. ಬೇರೆ ಬೋಲ್ಟು ಹಾಕಿ ಬಿಗಿಯಲು ಎರಡು ನಿಮಿಷ ಹಿಡಿಯಿತು.

‘ನಾನು ಡಬ್ಬಿ ಅಂದ್ನಲ್ಲ’ ಎಂದರು ಅಪ್ಪ.

ದುಡ್ಡು ಕೊಡುತ್ತಿದ್ದಾಗ ಮೆಕ್ಯಾನಿಕ್‌ನ ಫೋನ್ ಬಡಿದುಕೊಂಡಿತು. ಕೈಯೆಲ್ಲ ಗ್ರೀಸ್. ಮೊಣಕೈಯಲ್ಲೇ ಸ್ಪೀಕರ್‌ಗೆ ಹಾಕಿದ. ಆ ಕಡೆಯಿಂದ ಗಂಭೀರ ಗಂಡು ಧ್ವನಿಯೊಂದು, ನಮಸ್ಕಾರ ಕೂಡ ಹೇಳದೆ, ‘ಗೊರ್ರ್ ಗೊರ್ರ್ ಗೊರ್ರ್’ ಎಂದಿತು.

‘ನ್ಯೂಟ್ರಲ್‌ಗೆ ಹಾಕಿ ಉರುಳಿಸಿದ್ರೂ ಬರ್ತದಾ ಸಾರ್?’ ಎಂದು ಕೇಳಿದ.