ಗಿಡಕ್ಕೆ ನೀರು ಹಾಕಿದ್ರಾ?

ನಮ್ಮ ಮನೆಯಲ್ಲಿ ಇದುವರೆಗೆ ಒಂದು ಗಿಡವೂ ಬಾಯಾರಿ ಸತ್ತಿಲ್ಲ. ಸತ್ತದ್ದೆಲ್ಲ ನೀರು ಕುಡಿದೇ.

ಬೆಂಗಳೂರಿನ ಫ್ಲ್ಯಾಟು. ಕಿಟಕಿ ತೆಗೆದರೆ ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ. ಹಾಲ್‌ನಲ್ಲಿ ಹಗಲು ಹೊತ್ತಲ್ಲೂ ಲೈಟ್ ಹಾಕಿಕೊಂಡೇ ತರಕಾರಿ ಹೆಚ್ಚಬೇಕು. ಅಂಥ ಜಾಗಕ್ಕೆ ನಮ್ಮ ಯಜಮಾನರು ಗಿಡ ತಂದರು. ಸುಮ್ನೆ ತರಲಿಲ್ಲ, ನಾಸಾ ಹೆಸರು ಹೇಳಿಕೊಂಡು ತಂದರು. "ಮನೆ ಗಾಳಿ ಶುದ್ಧ ಆಗತ್ತೆ ಕಣೇ, ನಾಸಾದವರೇ ಹೇಳಿದಾರೆ."

ಹೇಳಿದ್ದು ನಿಜ. 1989ರಲ್ಲಿ, ಗಾಳಿಯಾಡದ ಹಾಗೆ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡ ಇಟ್ಟು ನೋಡಿ ಹೇಳಿದ್ದು. ಆಮೇಲೆ 2019ರಲ್ಲಿ ಅಮೆರಿಕದ ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. ಹೊರಗಿನ ಗಾಳಿ ತಾನಾಗಿ ಬಂದುಹೋಗಿ ಮಾಡುವ ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್‌ಗೆ ಕಡಿಮೆ ಅಂದರೂ 10 ಗಿಡ ಬೇಕಂತೆ, ಜಾಸ್ತಿ ಅಂದರೆ 1000. ಮಗಳು ಟೇಪ್ ಹಿಡಿದು ಹಾಲ್ ಅಳೆದಳು. 15 ಚದರ ಮೀಟರ್. "ಅಪ್ಪಾ, ನೂರೈವತ್ತು ಗಿಡ ತಗೊಂಡು ಬಾ. ನಾವೆಲ್ಲ ಲಿಫ್ಟ್ ಹತ್ರ ಕೂತ್ಕೊಳ್ಳೋಣ."

ನರ್ಸರಿಯವನು "ಇಂಡೋರ್ ಗಿಡ ಸಾರ್, ಬಿಸಿಲೇ ಬೇಡ" ಎಂದಿದ್ದನಂತೆ. ಬಿಸಿಲು ಬೇಡ ಸರಿ, ಬೆಳಕೂ ಬೇಡವೇ? ಮಟಮಟ ಮಧ್ಯಾಹ್ನ ಬಯಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ (ಬೆಳಕು ಅಳೆಯುವ ಮಾಪ) ಬೆಳಕಿರುತ್ತದೆ. ನಮ್ಮ ಟಿವಿ ಪಕ್ಕ ಫೋನಿನ ಆ್ಯಪ್ ತೋರಿಸಿದ್ದು ನೂರೂ ಇಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡುಬಿಡುತ್ತದೆ, ನಮಗೆ ಗೊತ್ತಾಗುವುದಿಲ್ಲ. ಆದರೆ ಎಲೆ ಬೆಳಕಿನಲ್ಲೇ ಊಟ ತಯಾರಿಸಿಕೊಳ್ಳಬೇಕಲ್ವಾ? ಬೆಳಕು ಕಡಿಮೆಯಾದರೆ ಊಟ ಕಡಿಮೆ, ಬೇರು ಕುಡಿಯುವ ನೀರೂ ಕಡಿಮೆ.

ಹಾಕುವವರು ಮಾತ್ರ ಕಡಿಮೆಯಾಗಲಿಲ್ಲ. ಬೆಳಿಗ್ಗೆ ಅತ್ತೆಯವರದ್ದು ಅಕ್ಕಿ ತೊಳೆದ ನೀರು. "ಬಾಯಿಲ್ಲದ ಜೀವ, ಕೇಳೋಕೆ ಬರತ್ತಾ?" ನೆಲ ಒರೆಸುವ ಮೊದಲು ಕೆಲಸದ ಅಕ್ಕನದ್ದು ಒಂದು ಚೊಂಬು. ಸಂಜೆ ಮಗಳ ಸ್ಕೂಲ್ ಬಾಟ್ಲಿಯಲ್ಲಿ ಉಳಿದದ್ದು. ರಾತ್ರಿ ಯಜಮಾನರು "ಗಿಡಕ್ಕೆ ನೀರು ಹಾಕಿದ್ರಾ?" ಎಂದು ಕೇಳುತ್ತಾರೆ. ಯಾರೂ ಬಾಯಿ ಬಿಡುವುದರೊಳಗೆ ತಾವೇ ಒಂದು ಲೋಟ ಸುರಿದಿರುತ್ತಾರೆ.

ಮೊದಲು ಹೋದದ್ದು ಪೀಸ್ ಲಿಲಿ. ಅದರ ಕಷ್ಟ ಏನೆಂದರೆ, ನೀರು ಕಡಿಮೆಯಾದರೂ ಎಲೆ ಜೋಲು, ಜಾಸ್ತಿಯಾದರೂ ಎಲೆ ಜೋಲು. ಜೋತದ್ದು ನೋಡಿ ಅತ್ತೆ ಮತ್ತೆ ನೀರು ಹಾಕಿದರು. ಕೊನೆಗೆ ಪಿಂಗಾಣಿ ಕುಂಡದಿಂದ ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿ ನೋಡಿದೆ. ಚೆಂದದ ಪಿಂಗಾಣಿಗೆ ತಳದಲ್ಲಿ ತೂತೇ ಇಲ್ಲ! ಅಡಿಯಲ್ಲಿ ನೀರು ನಿಂತು ಚರಂಡಿ ವಾಸನೆ. ಬೇರು ಹಿಡಿದು ಮೆಲ್ಲಗೆ ಎಳೆದರೆ ಕಂದು ಸಿಪ್ಪೆ ಲೋಳೆಲೋಳೆಯಾಗಿ ಬೆರಳಿಗೆ ಬಂತು, ಒಳಗೆ ದಾರದಂಥ ಒಂದು ಎಳೆ ಉಳಿಯಿತು. ಬೇರೂ ಉಸಿರಾಡಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗವೆಲ್ಲಿ?

ಒದ್ದೆ ಮಣ್ಣು ಹುಡುಕಿಕೊಂಡು ನೊರಜು ಬಂದವು. ಸರಿಯಾಗಿ ಕಾಫಿ ಲೋಟಕ್ಕೇ ಬೀಳುವ ಸಣ್ಣ ಕಪ್ಪು ಹುಳ. ಬಾಳೆಹಣ್ಣು ಕೊಳೆತಿರಬೇಕು ಎಂದು ಅತ್ತೆ ಹಣ್ಣಿನ ಬುಟ್ಟಿಯನ್ನೇ ಫ್ರಿಜ್ಜಿಗೆ ತುರುಕಿದರು. ಮರಿಗಳಿದ್ದದ್ದು ಕುಂಡದ ಮೇಲ್ಮಣ್ಣಿನಲ್ಲಿ. ಮೇಲಿನ ಒಂದೆರಡು ಅಂಗುಲ ಒಣಗಲು ಬಿಟ್ಟರೆ ಅವುಗಳ ಆಟ ನಿಲ್ಲುತ್ತದೆ. ಅಷ್ಟು ತಾಳ್ಮೆ ಯಾರಿಗಿದೆ? ಯಜಮಾನರು ಹಳದಿ ಬಣ್ಣದ ಅಂಟು ಹಾಳೆ ತಂದು ಕುಂಡಕ್ಕೆ ಸಿಕ್ಕಿಸಿದರು. ನೊರಜು ಅಂಟಿದವು. ಹಿಂದೆಯೇ ದೇವರ ಮನೆಗೆ ಹೊರಟಿದ್ದ ಅತ್ತೆಯ ಮಡಿ ಸೀರೆಯ ಸೆರಗೂ ಅಂಟಿತು. ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುವಷ್ಟರಲ್ಲಿ ದೇವರಿಗೆ ಅವತ್ತು ಊಟದ ಹೊತ್ತಿಗೆ ಸ್ನಾನ.

ಆರೋಗ್ಯವಾಗಿದ್ದದ್ದು ಝೀಝೀ ಪ್ಲಾಂಟ್ ಒಂದೇ. ಪೂರ್ವ ಆಫ್ರಿಕದ ಕಡೆಯದು, ಮಣ್ಣಿನೊಳಗೆ ಗಡ್ಡೆ ಕಟ್ಟಿ ಅದರಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಆದರೆ ಅದು ಉಳಿದದ್ದು ಗಡ್ಡೆಯಿಂದಲ್ಲ, ರೂಮಿನ ಬೀರು ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದದ್ದರಿಂದ ಎಂದೇ ನನ್ನ ನಂಬಿಕೆ.

ನಾನು ಎಲ್ಲರಿಗೂ ಒಂದೊಂದು ಪೊರಕೆ ಕಡ್ಡಿ ಕೊಟ್ಟೆ. ಇಡ್ಲಿ ಬೆಂದಿತಾ ಎಂದು ನೋಡುವ ಹಾಗೆ ಮಣ್ಣಿಗೆ ಚುಚ್ಚಿ ನೋಡಿ, ಕಡ್ಡಿಗೆ ಮಣ್ಣು ಅಂಟಿ ಬಂದರೆ ಚೊಂಬು ವಾಪಸ್ ಇಡಿ ಎಂದೆ. ಯಜಮಾನರಿಗೆ ಒಪ್ಪಿಗೆಯಾಗಲಿಲ್ಲ. "ಕಡ್ಡಿ ಗಿಡ್ಡಿ ಬೇಡ, ಒಂದು ಸಿಸ್ಟಮ್ ಇರ್ಬೇಕು." ಮಳೆಗಾಲದಲ್ಲಿ ವಾರವಾದರೂ ಒಣಗದ ಮಣ್ಣು ಮಾರ್ಚ್‌ನಲ್ಲಿ ಎರಡು ದಿನಕ್ಕೇ ಒಣಗುತ್ತದೆ, ಅದಕ್ಕೆ ಯಾವ ಸಿಸ್ಟಮ್ಮು? ಆದರೂ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ನೀರು ಹಾಕಿದ ದಿನಕ್ಕೆ ಗೀಟು ಎಳೆಯತೊಡಗಿದರು.

ಅದೇ ಕ್ಯಾಲೆಂಡರ್‌ನಲ್ಲಿ, ಅರ್ಧ ಲೀಟರ್ ಹಾಲು ಜಾಸ್ತಿ ತೆಗೆದುಕೊಂಡ ದಿನ ಅತ್ತೆಯೂ ಗೀಟು ಎಳೆಯುತ್ತಾರೆ. ತಿಂಗಳ ಕೊನೆಗೆ ಹಾಲಿನವನು ಬಂದ. ಅತ್ತೆ ಕನ್ನಡಕ ಏರಿಸಿ ಗೀಟು ಎಣಿಸಿದರು, ದುಡ್ಡು ಎಣಿಸಿದರು. ಸ್ನಾನದ ಮನೆಯಿಂದ ಬಂದ ಯಜಮಾನರು "ಅಮ್ಮಾ, ಅದು ಗಿಡದ ಲೆಕ್ಕ!" ಎಂದು ಕೂಗುವಷ್ಟರಲ್ಲಿ ಲಿಫ್ಟ್ ಗ್ರೌಂಡ್ ಫ್ಲೋರ್ ತಲುಪಿತ್ತು.